ಅಜ್ಜಿಯ ಕಡಗಕ್ಕೆ ಹಲ್ಲುಪುಡಿ

ಸ್ನೇಹಿತರೇ, ಅಜ್ಜಿಯ ಬೆಳ್ಳಿ ಕಾಲ್ಕಡಗ ಎಷ್ಟು ಹಳೆಯದೆಂದು ಕೇಳಲು ಇವತ್ತು ನಂಜನಗೂಡಿನ ಅಕ್ಕಸಾಲಿಗರೊಬ್ಬರ ಬಳಿ ಹೋಗಿದ್ದೆ. ಕೊಳಕಾಗಿ ಒಯ್ಯಬಾರದೆಂದು ಬೆಳಿಗ್ಗೆಯೇ ಹಲ್ಲುಪುಡಿ ಹಾಕಿ, ಬ್ರಷ್ಷಿನಲ್ಲಿ ಚೆನ್ನಾಗಿ ತಿಕ್ಕಿದ್ದೆ. ಅವರು ಅದನ್ನು ತಿರುಗಿಸಿ ನೋಡಿ ಕನ್ನಡಕ ತೆಗೆದಿಟ್ಟರು.

“ಸಂದೀಲಿರೋ ಕಪ್ಪು, ಕೆತ್ತನೆ ಸವ್ದಿರೋದು ನೋಡ್ಕಂಡೇ ನಾವು ಕಾಲ ಹೇಳೋದು ಸಾ. ನೀವು ಎಲ್ಲಾನೂ ತಿಕ್ಕಿ ತಗ್ದುಬುಟ್ಟಿದ್ದೀರಿ. ಅಂಟುವಾಳದ ನೀರಲ್ಲಿ ತೊಳ್ದು ಮೆತ್ತನೆ ಬಟ್ಟೇಲಿ ಒರ್ಸಿದ್ರೆ ಸಾಕಾಗಿತ್ತು.”

“ಈಗೇನು ಮಾಡೋದು?” ಎಂದೆ.

“ಇನ್ನು ಮನೇಲಿರೋ ಹಿರೀಕರನ್ನೇ ಕೇಳ್ಬೇಕು.”

ಕೇಳ್ತೀನಿ ಎಂದು ಹೇಳಿ ಮನೆಗೆ ಹೋಗಲು ನರಸೀಪುರದ ಬಸ್ಸು ಹತ್ತಿದೆ. ನಮ್ಮ ಮನೆಯಲ್ಲಿ ನನ್ನ ಜೊತೆ ಉಳಿದಿರುವ ಹಿರೀಕರೆಂದರೆ ಈ ಕಡಗವೊಂದೇ. ಅದು ಹೇಳಬಹುದಾಗಿದ್ದನ್ನೆಲ್ಲ ಬೆಳಿಗ್ಗೆ ನಾನೇ ಉಜ್ಜಿ ತೊಳೆದಿದ್ದೇನೆ.