ಒಬ್ಬರ ಟವೆಲ್ ಇನ್ನೊಬ್ಬರಿಗಿಲ್ಲ

ಬೆಳಗಿನ ಐದೂಕಾಲು. ಬೈಕುಲ್ಲಾ ತರಕಾರಿ ಮಾರುಕಟ್ಟೆಯ ಹಿಂಬದಿ ಗೋಡೆಗೆ ಕಟ್ಟಿದ ತಾಡಪತ್ರಿಯ ಕೆಳಗೆ ಸಾಯಬಣ್ಣ ಹಗ್ಗ ಬಿಗಿಯುತ್ತಿದ್ದಾರೆ. ಚೀಲದಿಂದ ಇಪ್ಪತ್ಮೂರು ಟವೆಲ್ ಹೊರಬಂದು ಸಾಲಾಗಿ ಹಗ್ಗವೇರುತ್ತವೆ. ಒಂದೊಂದರ ಮೂಲೆಗೂ ಬೇರೆ ಬೇರೆ ಬಣ್ಣದ ದಾರದ ಗಂಟು. ಮೂಟೆ ಇಳಿಸಿ ಬಂದ ಹಮಾಲರು ಗಡ್ಡಕ್ಕೆ ಕೂರುವ ಮುನ್ನ ತಮ್ಮ ಗಂಟು ಹುಡುಕಿ ತಮ್ಮ ಟವೆಲ್ಲನ್ನೇ ಎಳೆದುಕೊಳ್ಳುತ್ತಾರೆ. ಯಾರಾದರೂ ಪಕ್ಕದವನದಕ್ಕೆ ಕೈ ಹಾಕಿದರೆ ಸಾಯಬಣ್ಣ ಕೆಮ್ಮುತ್ತಾರೆ. ಅಷ್ಟು ಸಾಕು.

ಕತ್ತಿ ಹಿಡಿಯುವುದಕ್ಕೂ ಮೊದಲು ಅವರು ಗಿರಾಕಿಯ ಗದ್ದ ಹಿಡಿದು ಬಲ್ಬಿನತ್ತ ತಿರುಗಿಸುತ್ತಾರೆ. ಕಿವಿಯ ಹಿಂದೆ, ಕತ್ತಿನ ಮಡಿಕೆ, ಕೂದಲ ಬುಡ ಎಲ್ಲವನ್ನೂ ನೋಡಬೇಕು. ಹೆಣ್ಣು ನೋಡಲು ಬಂದ ಹಿರಿಯರಿಗೂ ಇಷ್ಟು ಸಾವಧಾನ ಇರುವುದಿಲ್ಲ. ಹತ್ತು ಗಂಟೆಯೊಳಗೆ ಇಪ್ಪತ್ತು ಗಡ್ಡ, ಇಪ್ಪತ್ತು ಸಲ ಹೊಸ ಅರ್ಧ ಬ್ಲೇಡು. ಕತ್ತರಿ, ಬಾಚಣಿಗೆ ಪ್ರತಿ ತಲೆಗೂ ಒಮ್ಮೆ ಔಷಧಿ ನೀರಿನಲ್ಲಿ ಮುಳುಗಿ ಏಳುತ್ತವೆ.

"ಗಡ್ಡ ಯಾರಾದ್ರೂ ತಗೀತಾರ್ರಿ. ಮೊದ್ಲು ಚರ್ಮ ನೋಡಬೇಕು. ನಂದು ಕಣ್ಣಿನ ಕೆಲಸ, ಕೈ ಆಮ್ಯಾಲೆ," ಎನ್ನುತ್ತಾರೆ.

ಯಾದಗಿರಿ ಕಡೆಯ ಸಾಯಬಣ್ಣ ಮುಂಬಯಿಗೆ ಬಂದು ಇಪ್ಪತ್ತೆರಡು ವರ್ಷ. ಸೋದರಮಾವ ಬಿಟ್ಟುಹೋದ ಕುರ್ಚಿಯೇ ಅವರ ಅಂಗಡಿ. ಮನೆ ಚೆಂಬೂರಿನ ಚಾಳಿನಲ್ಲಿ. ನಸುಕಿನ ಲೋಕಲ್ ಹಿಡಿದು, ಕುರ್ಲಾದಲ್ಲಿ ಗಾಡಿ ಬದಲಿಸಿ, ಟವೆಲ್ ಚೀಲ ಎದೆಗವಚಿಕೊಂಡು ಬರುತ್ತಾರೆ.

ಹಿಂದೆ ಇವರ ಬಳಿ ಇದ್ದದ್ದು ಒಂದೇ ಟವೆಲ್, ದಪ್ಪನೆಯದು. ಗಡ್ಡ ಮುಗಿದ ಮೇಲೆ ಅದರಿಂದ ಕತ್ತು ತಿಕ್ಕಿ, ಹೆಗಲಿಗೆರಡು ಏಟು ಬಡಿದರೆ ಹಮಾಲರ ಅರ್ಧ ದಣಿವು ಇಳಿಯುತ್ತಿತ್ತಂತೆ. ಆ ಬಡಿತಕ್ಕೇ ಗಿರಾಕಿಗಳು ಬರುತ್ತಾರೆ ಎಂಬ ಜಂಬ ಸಾಯಬಣ್ಣನವರಿಗೂ ಇತ್ತು. ಮುಂಬಯಿ ಮಳೆಯಲ್ಲಿ ಆ ಟವೆಲ್ ಒಣಗುವ ಮಾತೆಲ್ಲಿ? ಒಂದು ಮಳೆಗಾಲ ಒಂಬತ್ತು ಹಮಾಲರ ಕತ್ತಿನ ಮೇಲೆ ದುಂಡನೆಯ ಕೆಂಪು ಬಳೆಗಳೆದ್ದವು. ಊರಲ್ಲಿ ಹುಳಕಡ್ಡಿ, ಇಲ್ಲಿ ದಾದ್. ಉಷ್ಣ ಎಂದುಕೊಂಡು ಇವರು ಸುಮ್ಮನಾದರು. ಅದೇ ಟವೆಲ್ ಮನೆಗೂ ಹೋಗುತ್ತಿತ್ತು.

ಹೆಂಡತಿ ನಾಗರತ್ನಾ ಅವರ ಸೊಂಟದ ಸುತ್ತ ಬಳೆ ಎದ್ದಾಗ ಆಕೆ ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. "ಗಂಡನ ಮುಂದನೂ ಹೇಳ್ಲಿಕ್ಕ ನಾಚಿಕಿ ಆಗ್ತಿತ್ರಿ. ಮೆಡಿಕಲ್‌ನವ ಕೊಟ್ಟ ಟ್ಯೂಬ್ ಹಚ್ಚಿದ್ರ ನಾಕು ದಿನ ಕಡಿತ ನಿಲ್ತಿತ್ತು, ಬಿಟ್ರ ಎರಡು ಪಟ್ಟು," ಎಂದು ಆಕೆ ಈಗ ನಗುತ್ತಾ ಹೇಳುತ್ತಾರೆ. ಕೊನೆಗೆ ಗಂಡನೊಂದಿಗೆ ಸರ್ಕಾರಿ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಅವರ ಕಸುಬು ಕೇಳಿ, ಟವೆಲ್ ಎಷ್ಟಿವೆ ಎಂದೂ ಕೇಳಿದರು. ಒಂದೇ ಎಂದು ಹೇಳುವಾಗ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತ್ತು ಸಾಯಬಣ್ಣನವರಿಗೆ.

ದಾರದ ಗಂಟಿನ ಏರ್ಪಾಡು ನಾಗರತ್ನಾ ಅವರದ್ದು. ಟವೆಲ್ ಗಿರಾಕಿಯದು, ಒಗೆತ ಈಕೆಯದು. ದಿನವೂ ಇಪ್ಪತ್ಮೂರನ್ನೂ ಕುದಿನೀರಿಗೆ ಹಾಕಿ ಒಗೆಯುತ್ತಾರೆ. ಬಿಸಿಲಿಲ್ಲದಿದ್ದರೆ ಹಬೆ ನಿಲ್ಲುವವರೆಗೆ ಎರಡೂ ಬದಿ ಇಸ್ತ್ರಿ. ಮಿಂದ ಮೇಲೆ ತೊಡೆಸಂದು, ಬೆರಳಸಂದು ಒರೆಸಿಕೊಳ್ಳಿ, ಒದ್ದೆ ಚಡ್ಡಿ ಮತ್ತೆ ತೊಡಬೇಡಿ, ಒಡೆದ ಹಿಮ್ಮಡಿಗೆ ರಾತ್ರಿ ಎಣ್ಣೆ ಹಚ್ಚಿ ಎಂಬ ಆಕೆಯ ಉಪದೇಶವೆಲ್ಲ ಗಂಡನ ಬಾಯಿಂದ ಮಾರುಕಟ್ಟೆಗೆ ಮುಟ್ಟುತ್ತದೆ. ಹಮಾಲರು 'ಡಾಕ್ಟರ್ ಸಾಯಬಣ್ಣ' ಎಂದು ಕಿಚಾಯಿಸುತ್ತಾರೆ. ಅದು ಅವರಿಗೆ ಸೇರದು. ತಾನು ಔಷಧಿ ಕೊಡುವವನಲ್ಲ, ಆಸ್ಪತ್ರೆಯ ದಾರಿ ತೋರಿಸುವವನು ಮಾತ್ರ ಎನ್ನುತ್ತಾರೆ.

ಈ ಮಳೆಗಾಲದಲ್ಲಿ ಅವರ ನಿದ್ದೆ ಕೆಡಿಸಿದವನು ಯಲ್ಲಾಲಿಂಗ, ಇಪ್ಪತ್ತಾರರ ಹಮಾಲ. ಶ್ರಾವಣದಲ್ಲಿ ಮದುವೆ, ದವಡೆಯ ಮೇಲೆ ಬಳೆ. ಟ್ಯೂಬ್ ಯಾರ್‍ಯಾರು ಹಚ್ಚುತ್ತೀರಿ ಎಂದು ಸಾಯಬಣ್ಣ ಸುಮ್ಮನೆ ಕೇಳಿದರೆ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ ಈತ ಜೇಬು ಮುಟ್ಟಿಕೊಂಡ. ಕತ್ತಿ ಆಡಿಸಿದರೆ ಮುಖವೆಲ್ಲ ಹರಡುತ್ತದೆ, ತಾನು ಗಡ್ಡ ತೆಗೆಯುವುದಿಲ್ಲ ಎಂದರು ಸಾಯಬಣ್ಣ. ಮದುಮಗನಿಗೆ ಅವಮಾನವಾಯಿತು. ಸ್ಟೇಷನ್ ಪಕ್ಕದ ಸಲೂನಿಗೆ ಹೋದ, ಜೊತೆಗೆ ತನ್ನ ಗುಂಪಿನ ಐವರನ್ನೂ ಕರೆದೊಯ್ದ.

ಹದಿಮೂರನೆಯ ದಿನ ಮುಖಕ್ಕೆ ವಸ್ತ್ರ ಸುತ್ತಿಕೊಂಡು ಮರಳಿದ. ಬಳೆ ಕಣ್ಣಿನ ಕೆಳಗಿನವರೆಗೆ ಏರಿತ್ತು. ಸಾಯಬಣ್ಣ ಬಯ್ಯಲಿಲ್ಲ. ಕಾದಿದ್ದ ಗಿರಾಕಿಗಳಿಗೆ ಕೈಮುಗಿದು, ಅವನನ್ನು ಆಸ್ಪತ್ರೆಗೆ ಕರೆದೊಯ್ದು ಸಾಲಿನಲ್ಲಿ ತಾವೂ ನಿಂತರು. ಆರು ವಾರ ಗುಳಿಗೆ ಮತ್ತು ಮುಲಾಮು, ಕಡಿತ ನಿಂತರೂ ನಿಲ್ಲಿಸಬಾರದು, ಕತ್ತಿ ಮುಟ್ಟಿಸಬಾರದು ಎಂದರು ಡಾಕ್ಟರು. ಮದುವೆಗೆ ಉಳಿದಿದ್ದದ್ದು ಐದೇ ವಾರ.

ಹುಡುಗಿ ಮಲ್ಲಕ್ಕನಿಗೆ ಹೇಳುವುದೇ ಬೇಡ ಎಂದು ಯಲ್ಲಾಲಿಂಗ ಗಟ್ಟಿಮಾಡಿಕೊಂಡಿದ್ದ. ಗೊತ್ತಾದರೆ ಸಂಬಂಧ ಮುರಿದೀತೆಂಬ ಅಂಜಿಕೆ. ನಾಗರತ್ನಾ ಅವನನ್ನು ಚೆಂಬೂರಿಗೆ ಕರೆಸಿ ರೊಟ್ಟಿ ಬಡಿಸಿದರು. "ತಮ್ಮಾ, ನಾ ಎಂಟು ತಿಂಗಳು ಮುಚ್ಚಿಟ್ಟೀನಿ, ಅದರ ಉರಿ ನನಗ ಗೊತ್ತು. ಮದುವಿ ಮುರದ್ರ ಮುರೀಲಿ, ಆ ಹುಡುಗಿ ಮೈಗೆ ಇದನ್ನ ಕಟ್ಟಬ್ಯಾಡ," ಎಂದರು.

ಮರುದಿನ ಸಾಯಬಣ್ಣನವರ ಕುರ್ಚಿಯಲ್ಲೇ ಕೂತು ಫೋನ್ ಮಾಡಿದ. ಎಲ್ಲ ಕೇಳಿದ ಮಲ್ಲಕ್ಕ, ಅದು ಪೂರಾ ಹೋಗ್ತದೇನು ಎಂದಳು. ಹೋಗ್ತದ ಎಂದ. "ಹಂಗಾರ ಔಷಧ ಬಿಡಬ್ಯಾಡ. ಗಡ್ಡ ಇದ್ರ ಇರಲಿ," ಎಂದಳು. ಹೊತ್ತ ಮೂಟೆ ಇಳಿಸಿದವನ ಹಾಗೆ ಅವನು ಉಸಿರು ಬಿಟ್ಟ. ಸಾಯಬಣ್ಣನವರ ಕಣ್ಣು ತುಂಬಿದ್ದನ್ನು ಸುತ್ತಲಿದ್ದ ಹಮಾಲರೆಲ್ಲ ನೋಡಿದರು.

ಇಂದು ಅವನು ಊರಿಗೆ ಹೊರಡುತ್ತಿದ್ದಾನೆ. ಬಳೆಗಳು ಮಾಸಿ ಕಂದು ಗುರುತಷ್ಟೇ ಉಳಿದಿವೆ. ಬಾಕಿ ವಾರಗಳ ಗುಳಿಗೆ ಪೆಟ್ಟಿಗೆಯಲ್ಲಿವೆ. ಸಾಯಬಣ್ಣ ಕತ್ತರಿಯಿಂದಲೇ ಗಡ್ಡದ ಅಂಚು ಸಮ ಮಾಡಿ, ಹಿಂದೆ ಸರಿದು, ತಲೆ ಓರೆ ಮಾಡಿ ನೋಡುತ್ತಾರೆ. ಮದುವೆಯ ಫೋಟೋ ಕಳಿಸೆಂದು ಎರಡು ಸಲ ಹೇಳುತ್ತಾರೆ.

"ಇಷ್ಟು ವರ್ಷದಾಗ ಎಷ್ಟು ಗಡ್ಡ ತಗದೀನೋ ಲೆಕ್ಕ ಇಲ್ರಿ," ಎನ್ನುತ್ತಾರೆ, ಅವನು ಹೋದ ದಿಕ್ಕನ್ನೇ ನೋಡುತ್ತಾ. "ತಗೀದೆ ಬಿಟ್ಟ ಈ ಒಂದು ಗಡ್ಡದ ಮ್ಯಾಲೆ ನನಗ ಭಾಳ ಅಭಿಮಾನ ಅದ."