ರಾಜೀವಿಯ ಮೂವತ್ತು ದಿನ

ನವೆಂಬರ್ ಹನ್ನೆರಡರ ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಲಂಡನ್ನಿನ ಅಂಚಿನ ಫೆಲ್ಥಮ್‌ನ ಮನೆಯಲ್ಲಿ ಫೋನು ಹೊಡೆದುಕೊಂಡಾಗ ರಾಜೀವಿ ಅಡಿಗೆಮನೆಯ ಕಟ್ಟೆಯನ್ನು ಮೂರನೆಯ ಸಲ ಒರೆಸುತ್ತಿದ್ದಳು. ಕೆಲಸ ಹೋಗಿ ಹತ್ತು ದಿನವಾಗಿತ್ತು. ಇಪ್ಪತ್ತೆರಡು ವರ್ಷ ಬೆಳಗಿನ ಐದಕ್ಕೆ ಎದ್ದು ಬಸ್ಸಿಗೆ ಓಡಿದವಳಿಗೆ ಕುಳಿತಿರುವುದು ಬರುತ್ತಿರಲಿಲ್ಲ.

ಫೋನಿನಲ್ಲಿದ್ದವಳು ಆಸ್ಪತ್ರೆಯ ಬುಕಿಂಗ್ ವಿಭಾಗದವಳು. ರಾಜೀವಿಯ ಗಂಡ ಭೋಜನ ಸೊಂಟದ ಆಪರೇಷನ್ ಇಪ್ಪತ್ತೊಂಬತ್ತರ ಗುರುವಾರಕ್ಕೆ ನಿಗದಿಯಾಗಿತ್ತು; ಈಗ ವಿಮೆಯವರು ಕೊಟ್ಟ ಮಂಜೂರಾತಿಯನ್ನು ಹಿಂದಕ್ಕೆ ಪಡೆದಿದ್ದಾರೆ. "ನೀವು ಆ ಕಂಪನಿಯಲ್ಲಿ ಈಗ ಇಲ್ಲವಂತೆ. ಬೇರೆ ವಿಮೆ ಇದೆಯೇ, ಇಲ್ಲ ನೀವೇ ಹಣ ಕಟ್ಟುತ್ತೀರಾ?" ನೀವೇ ಎಂದರೆ ಏಳೂವರೆ ಸಾವಿರ ಪೌಂಡು.

ವಿಚಾರಿಸಿ ಹೇಳುತ್ತೇನೆಂದು ಫೋನಿಟ್ಟು ರಾಜೀವಿ ಕೋಟು ಹಾಕಿಕೊಂಡಳು. ಭೋಜನಿಗೆ ಸೋಮವಾರ ರಜೆ; ಮೇಲೆ ಮಲಗಿದ್ದ. ಅವನನ್ನು ಎಬ್ಬಿಸಲಿಲ್ಲ.

ಇವಳು ಕೋಟೇಶ್ವರದವಳು. ೧೯೭೯ರಲ್ಲಿ ಗಂಡನ ಹಿಂದೆ ಬಂದು, ವಿಮಾನಗಳಿಗೆ ಊಟ ಕಟ್ಟಿ ಕಳಿಸುವ ಕಂಪನಿಯೊಂದರಲ್ಲಿ ಟ್ರೇಗಳಿಗೆ ಬ್ರೆಡ್ಡು, ಬೆಣ್ಣೆ ಇಡುವ ಸಾಲಿನಲ್ಲಿ ನಿಂತಳು. ಐದು ವರ್ಷ ಸಂಜೆ ಶಾಲೆಗೆ ಹೋಗಿ ಇಂಗ್ಲಿಷ್ ಕಲಿತಳು. ಆಮೇಲೆ ಉಗ್ರಾಣ, ಆಮೇಲೆ ಆಫೀಸು. ೧೯೯೪ರಲ್ಲಿ ಸೂಪರ್‌ವೈಸರ್ ಆದಾಗ ಸಂಬಳದ ಜೊತೆ ಒಂದು ಪ್ಲಾಸ್ಟಿಕ್ ಕಾರ್ಡೂ ಬಂತು: ಖಾಸಗಿ ಆಸ್ಪತ್ರೆಯ ವಿಮೆ, ಗಂಡನಿಗೂ ಸೇರಿ. ಏಳು ವರ್ಷ ಅದು ಪರ್ಸಿನಲ್ಲಿ ಸುಮ್ಮನೆ ಇತ್ತು. ಈ ವರ್ಷ ಬೇಕಾಯಿತು. ಭೋಜ ಟೂಟಿಂಗ್‌ನ ಒಂದು ಹೋಟೆಲಿನಲ್ಲಿ ಇಪ್ಪತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತಿದ್ದವನು. ಎಡ ಸೊಂಟದ ಕೀಲು ಸವೆದುಹೋಗಿತ್ತು. ಸರ್ಕಾರಿ ಪಟ್ಟಿಯಲ್ಲಿ ಹದಿನಾಲ್ಕು ತಿಂಗಳು ಕಾಯಬೇಕು ಎಂದಿದ್ದರು. ಕಾರ್ಡಿನಿಂದ ಎಂಟು ವಾರದಲ್ಲಿ ದಿನ ಸಿಕ್ಕಿತು. ಸಿಕ್ಕ ಕೂಡಲೇ ಸರ್ಕಾರಿ ಪಟ್ಟಿಯಿಂದ ಹೆಸರು ತೆಗೆಸಿದ್ದರು, ಇನ್ನೊಬ್ಬರಿಗೆ ಜಾಗವಾಗಲಿ ಎಂದು. ಈಗ ಮರಳಿದರೆ ಬಾಲದಲ್ಲಿ ನಿಲ್ಲಬೇಕು.

೨೦೦೧ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅವಳಿ ಗೋಪುರಗಳು ಬಿದ್ದ ಮೇಲೆ ವಿಮಾನಗಳು ಖಾಲಿ ಹಾರತೊಡಗಿದವು. ಹಾರುವವರಿಲ್ಲದಿದ್ದರೆ ಉಣ್ಣುವವರಿಲ್ಲ. ಕಂಪನಿ ಮುನ್ನೂರು ಜನರನ್ನು ತೆಗೆಯಿತು. ರಾಜೀವಿಯ ಕೊನೆಯ ದಿನ ನವೆಂಬರ್ ಎರಡು.

ಹಳೆಯ ಆಫೀಸಿಗೆ ನಡೆದೇ ಹೋದಳು. ಮೊರೀನ್ ಸಿಬ್ಬಂದಿ ವಿಭಾಗದಲ್ಲಿ ಒಬ್ಬಳೇ ಇದ್ದಳು, ಸುತ್ತ ಖಾಲಿ ಮೇಜುಗಳು. ವಿಷಯ ಕೇಳಿ ಅವಳು ಫೈಲು ತೆಗೆದಳು, ಒಂದು ಹಾಳೆ ತಿರುಗಿಸಿ ರಾಜೀವಿಯ ಮುಂದಿಟ್ಟಳು.

"ನಾನು ಕೇಳಿದ್ದೆ, ರಾಜೀವಿ. ಎರಡು ಸಲ ಕೇಳಿದೆ."

ಕೇಳಿದ್ದಳು. ಕೊನೆಯ ದಿನ, ಇದೇ ಕುರ್ಚಿಯಲ್ಲಿ. ಮನೆಯಲ್ಲಿ ಯಾರಿಗಾದರೂ ಚಿಕಿತ್ಸೆ ನಡೆಯುತ್ತಿದೆಯೇ, ನಡೆಯುವುದಿದೆಯೇ? ಇದ್ದರೆ ಅಂಥವರಿಗೆ ಕಂಪನಿ ಮೂರು ತಿಂಗಳು ವಿಮೆ ಮುಂದುವರಿಸುತ್ತದೆ. ರಾಜೀವಿ, "ಇಲ್ಲ ಇಲ್ಲ, ಮನೆಯಲ್ಲಿ ಎಲ್ಲ ಆರಾಮ, ಥ್ಯಾಂಕ್ ಯೂ" ಎಂದಿದ್ದಳು. ಮೊರೀನ್ ಮತ್ತೆ ಕೇಳಿದಾಗ ನಕ್ಕು ಮತ್ತೆ ಅದನ್ನೇ ಹೇಳಿದ್ದಳು.

ಅವಳು ಬೆಳೆದ ಮನೆಯಲ್ಲಿ ಆರಾಮವೇ ಎಂದು ಕೇಳಿದವರಿಗೆ ಆರಾಮ ಎನ್ನುವುದು ನಮಸ್ಕಾರಕ್ಕೆ ನಮಸ್ಕಾರ ಎಂದಂತೆ. ಒಳಕೋಣೆಯಲ್ಲಿ ಸೋದರತ್ತೆ ಜ್ವರದಿಂದ ಕನವರಿಸುತ್ತಿದ್ದರೂ ಜಗಲಿಯಲ್ಲಿ ನಿಂತವರಿಗೆ ಉತ್ತರ ಅದೇ. ಬಂದವರು ಕುಳಿತು, ನೀರು ಬೆಲ್ಲ ತೆಗೆದುಕೊಂಡು, ಅರ್ಧ ಗಂಟೆ ಕಳೆದ ಮೇಲೆ ಕಾಯಿಲೆಯ ಮಾತು. ಗಂಡನ ಮೈಯ ವಿಚಾರವನ್ನಂತೂ ಪರರ ಮುಂದೆ ತೆಗೆಯುವುದಿಲ್ಲ. ಕೆಲಸದಿಂದ ತೆಗೆಯುವ ದಿನ ಅದನ್ನು ಹೇಳಿದರೆ ಸೆರಗೊಡ್ಡಿದಂತೆ ಎಂಬುದೂ ಮನಸ್ಸಿನಲ್ಲಿತ್ತು. ಮಂಜೂರಾತಿಯ ನಂಬರು ಹೇಗೂ ಕೈಯಲ್ಲಿದೆ ಎಂದುಕೊಂಡಿದ್ದಳು. ಇದನ್ನು ಮರ್ಯಾದೆ ಎನ್ನುವವರಿದ್ದಾರೆ. ಇದು ತಪ್ಪು.

"ಈಗ ಹೌದು ಎಂದು ಬರೆದರೆ?"

"ಪಟ್ಟಿ ಆವತ್ತೇ ಹೋಯಿತು. ನನ್ನ ಕೈಯಲ್ಲಿಲ್ಲ." ಮೊರೀನ್ ಡ್ರಾಯರಿನಿಂದ ಇನ್ನೊಂದು ಅರ್ಜಿ ತೆಗೆದಳು. "ಒಂದು ದಾರಿಯಿದೆ. ಅದೇ ವಿಮೆಯನ್ನು ನೀವೇ ಕಂತು ಕಟ್ಟಿ ಮುಂದುವರಿಸಬಹುದು. ಕೆಲಸ ಬಿಟ್ಟು ಮೂವತ್ತು ದಿನದೊಳಗೆ ಸೇರಿದರೆ ಹಳೆಯ ಕಾಯಿಲೆಯ ಪ್ರಶ್ನೆ ತೆಗೆಯುವುದಿಲ್ಲ. ಮೂವತ್ತೊಂದನೆಯ ದಿನ ಹೋದರೆ ಹೊಸಬರ ಲೆಕ್ಕ. ಆ ಸೊಂಟಕ್ಕೆ ಒಂದು ಪೆನ್ನಿಯೂ ಸಿಗುವುದಿಲ್ಲ. ಇಬ್ಬರೂ ಸಹಿ ಮಾಡಬೇಕು."

ಬೆರಳು ಮಡಿಚಿ ಎಣಿಸಿದಳು ರಾಜೀವಿ. ಡಿಸೆಂಬರ್ ಎರಡಕ್ಕೆ ಮೂವತ್ತು.

ಮನೆಗೆ ಬಂದಾಗ ಭೋಜ ಗಂಜಿಯ ತಟ್ಟೆ ಮುಂದಿಟ್ಟುಕೊಂಡು ಕುಳಿತಿದ್ದ.

"ಎಲ್ಲಿಗ್ ಹೋಯಿದ್ದೆ? ನಿಂಗ್ ಅಂದ್ಹೇಳಿ ಚಾ ಮಾಡಿಟ್ಟಿದ್ದೆ. ತಣ್ದ್ ಹೋಯ್ತ್."

"ಆಫೀಸಿಗೆ."

"ಯಾವ ಆಫೀಸಿಗೆ ಮಾರಾಯ್ತಿ? ನಿನ್ನ ಓಡ್ಸಿಯಾಯ್ತಲ್ದಾ?"

"ಹ್ವಾಯ್, ಇಲ್ ಕೇಣಿ. ನಿಮ್ ಆಪರೇಷನ್ನಿಗೆ ಆ ಕಾರ್ಡ್ ನಡಿತಿಲ್ಲೆ ಅಂಬ್ರ್. ಕೆಲ್ಸದ ಒಟ್ಟಿಗೆ ಅದೂ ಹೋಯ್ತ್."

ಭೋಜ ಚಮಚ ಕೆಳಗಿಟ್ಟ. ಅವಳು ಉಳಿದದ್ದನ್ನೂ ಹೇಳಿದಳು, ನಿಂತುಕೊಂಡೇ, ಕಿಟಕಿಯ ಕಡೆ ನೋಡುತ್ತ. ಎಲ್ಲ ಆರಾಮ ಎಂದ ಭಾಗ ಬಂದಾಗ ದನಿ ತಗ್ಗಿತು.

"ಆರಾಮ್ ಅಂದ್ಯಾ?" ಭೋಜ ಕೇಳಿದ. "ನಾನ್ ಏಡಿ ಹಾಂಗೆ ಅಡ್ಡ ಅಡ್ಡ ಹೋತಿದ್ದೆ. ಅದ್ ಆರಾಮಾ?"

"ಮತ್ತೆಂತ ಹೇಳುದ್? ಕೆಲ್ಸದಿಂದ ತೆಗಿಯುವವಳ ಹತ್ರ ಗಂಡನ ಸೊಂಟದ ಕತೆ ಹೇಳುದಾ?"

"ಕತೆ ಎಂತಕೆ? ಒಂದ್ ಹೌದ್ ಅಂದ್ರೆ ಸಾಕಿತ್ತ್."

ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಉತ್ತರವಿತ್ತು. ಅರ್ಜಿ ತಿರುಗಿಸಿ, ಕಂತು ಎಷ್ಟು ಎಂದು ಕೇಳಿದ. ಇಬ್ಬರಿಗೆ ತಿಂಗಳಿಗೆ ನೂರಮೂವತ್ತು ಎಂದಳು.

"ಹುಷಾರಿಲ್ದೆ ಇಪ್ಪುಕೂ ಬಾಡಿಗೆ ಕೊಡ್ಕಾ?" ಎಂದ. "ಬೇಡ. ಹದಿನಾಕ್ ತಿಂಗ್ಳ್ ತಾನೇ, ಮಾತ್ರೆ ತಿಂದ್ಕಂಡ್ ಕಾಯ್ವ."

"ಕೃಷ್ಣಪ್ರಸಾದ್ರ್ ಕಾಯ್ತ್ರಾ?"

ಹೋಟೆಲಿನ ಧಣಿ ಕೃಷ್ಣಪ್ರಸಾದ ಕೆಟ್ಟವನಲ್ಲ; ಆದರೆ ಫೆಬ್ರವರಿಯ ಹೊತ್ತಿಗೆ ಭೋಜ ಗಟ್ಟಿಯಾಗಿ ನಿಲ್ಲದಿದ್ದರೆ ಊರಿನಿಂದ ಇನ್ನೊಬ್ಬ ಅಡಿಗೆಯವನನ್ನು ತರಿಸುವುದಾಗಿ ಮುಖಕ್ಕೇ ಹೇಳಿದ್ದ. ಒಂದು ಕಾವಲಿಗೆ ಇಬ್ಬರು ಬೇಡ. ಹೆಂಡತಿಯ ಕೆಲಸ ಹೋಗಿತ್ತು. ಗಂಡನದೂ ಹೋದರೆ ತೀರಿಸುವವರಿಲ್ಲ; ಮನೆಯ ಸಾಲಕ್ಕೆ ಇನ್ನೂ ಆರು ವರ್ಷವಿತ್ತು, ಮಗಳು ಪ್ರೇಕ್ಷಾಳ ಕಾಲೇಜಿಗೆ ಎರಡು.

"ಪೆನ್ನ್ ಕೊಡ್" ಎಂದ ಭೋಜ.

ಮಂಗಳವಾರ ಅರ್ಜಿಯ ಒಂದು ಪ್ರತಿಯನ್ನು ಲೈಬ್ರರಿಯಲ್ಲಿ ತೆಗೆಸಿಕೊಂಡು, ಮೊದಲ ಕಂತಿನ ಚೆಕ್ಕಿಟ್ಟು ವಿಮೆಯವರಿಗೆ ರಿಜಿಸ್ಟರ್ ಮಾಡಿ ಕಳಿಸಿದಳು. ಬುಧವಾರ ದೀಪಾವಳಿ. ಭೋಜ ಹೋಟೆಲಿನಲ್ಲಿ ಹನ್ನೆರಡು ಗಂಟೆ ನಿಂತ. ಅವಳು ಒಂದು ಹಣತೆ ಹಚ್ಚಿ, ಅದನ್ನು ಕಿಟಕಿಯಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ ಇಟ್ಟಳು.

ಆಮೇಲೆ ಹತ್ತು ದಿನ ಅವಳ ಕೆಲಸ ವಿಮೆಯವರಿಗೆ ಫೋನು ಮಾಡುವುದು. ಒಂಬತ್ತಕ್ಕೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಪ್ರತಿ ಸಲ ಹೊಸ ದನಿ. ಪ್ರತಿ ಸಲ ಹುಟ್ಟಿದ ತಾರೀಖು, ಪೋಸ್ಟ್‌ಕೋಡು, ಗಂಡನ ಕಾಯಿಲೆ ಮೊದಲಿನಿಂದ. ಉತ್ತರ ಮಾತ್ರ ಒಂದೇ: ಅರ್ಜಿ ಪರಿಶೀಲನೆಗೆ ಹತ್ತು ಕೆಲಸದ ದಿನ ಹಿಡಿಯುತ್ತದೆ, ಮೇಡಂ. ನಡುವೆ ಹೊರಗೆ ಹೋಗಿ ರಸ್ತೆಯ ತುದಿಯವರೆಗೆ ನಡೆದು, ಫೋನು ಬಂದೀತೆಂದು ಅರ್ಧದಲ್ಲಿ ತಿರುಗುತ್ತಿದ್ದಳು. ಪ್ರೇಕ್ಷಾ ಕಾಲೇಜಿನಿಂದ ಫೋನು ಮಾಡಿದಾಗ ಅದೂ ವಿಮೆಯವರದೆಂದು ಎದ್ದುಬಿದ್ದು ಎತ್ತಿದಳು.

"ನೀ ಫೋನ್ ಇಡ್ ಮಗಾ, ಲೈನ್ ಖಾಲಿ ಬೇಕ್."

"ಅಮ್ಮಾ, ಐ ಜಸ್ಟ್ ಕಾಲ್ಡ್. ಯು ಹ್ಯಾವ್ ಟು ಶೌಟ್ ಅಟ್ ದೆಮ್."

"ಕೂಗಿದ್ರೆ ಕೆಲ್ಸ ಆಪುದಾದ್ರೆ ನಿನ್ನಪ್ಪ ಇಷ್ಟೊತ್ತಿಗೆ ಓಡ್ತಿದ್ದ."

ಇಪ್ಪತ್ತಾರರ ಸೋಮವಾರ ಒಬ್ಬಳು ಹೇಳಿದಳು: ನಿಮ್ಮ ಹೆಸರಿನ ಅರ್ಜಿಯೇ ನಮ್ಮಲ್ಲಿ ಇಲ್ಲ. ಮಂಗಳವಾರ ಆಸ್ಪತ್ರೆಯವರು ಹೇಳಿದರು: ಬುಧವಾರ ಸಂಜೆ ಐದರೊಳಗೆ ವಿಮೆಯ ಫ್ಯಾಕ್ಸ್ ಬರದಿದ್ದರೆ ಗುರುವಾರದ ಜಾಗ ಬೇರೆಯವರಿಗೆ, ಮುಂದಿನ ದಿನ ಮಾರ್ಚಿನಲ್ಲಿ.

ಬುಧವಾರ ರಾಜೀವಿ ರೈಲು ಹತ್ತಿದಳು. ಕ್ಲಾಪಮ್ ಜಂಕ್ಷನ್ನಿನಲ್ಲಿ ಬದಲಾಯಿಸಿ ಈಸ್ಟ್ ಕ್ರಾಯ್ಡನ್ನಿಗೆ ಹೋದಳು. ವಿಮೆ ಕಂಪನಿಯ ಕಚೇರಿ ಅಲ್ಲಿತ್ತು, ಏಳು ಮಹಡಿ ಗಾಜು. ಕೆಳಗಿನ ಮೇಜಿನ ಹಿಂದೆ ನರೆತ ಮೀಸೆಯ ಗಂಡಸೊಬ್ಬ ಕುಳಿತಿದ್ದ.

"ಇಲ್ಲಿ ಗ್ರಾಹಕರನ್ನು ನೋಡುವುದಿಲ್ಲ. ಫೋನು ಮಾಡಬೇಕು."

"ಇಪ್ಪತ್ತೆರಡು ಸಲ ಮಾಡಿದ್ದೇನೆ. ಯಾರನ್ನೂ ನೋಡಬೇಕಿಲ್ಲ. ನಿಮ್ಮನ್ನೇ ಎರಡು ಮಾತು ಕೇಳಬೇಕು. ಇಲ್ಲಿ ಪೋಸ್ಟು ಎಷ್ಟು ಗಂಟೆಗೆ ಬರುತ್ತದೆ?"

ಅವನು ಕಕ್ಕಾಬಿಕ್ಕಿಯಾಗಿ ಎಂಟೂವರೆಗೆ ಎಂದ. ಅಂಥ ಪ್ರಶ್ನೆ ಅವನನ್ನು ಯಾರೂ ಕೇಳಿರಲಿಲ್ಲ.

ಊಟದ ಕಂಪನಿಯಲ್ಲಿ ರಾಜೀವಿಗೆ ಹೆಸರು ಬಂದದ್ದು ಇಂಥ ಪ್ರಶ್ನೆಗಳಿಂದಲೇ. ನಾನೂರು ಊಟದಲ್ಲಿ ಉಪ್ಪಿಲ್ಲದ ಒಂದು ಟ್ರೇ ಕಾಣೆಯಾಗಿ, ವಿಮಾನ ಏರಲು ನಲವತ್ತು ನಿಮಿಷ ಇದ್ದಾಗ, ಉಳಿದವರು ಗೋದಾಮೆಲ್ಲ ಜಾಲಾಡುತ್ತಿದ್ದರು. ಅವಳು ಹುಡುಕುತ್ತಿರಲಿಲ್ಲ. ಆ ಟ್ರೇ ಯಾರ ಕೈಯಿಂದ ಯಾರ ಕೈಗೆ ಹೋಗಿರಬೇಕೆಂದು ಕೇಳಿಕೊಂಡು ಹೋಗುತ್ತಿದ್ದಳು; ಯಾವನೋ ಒಬ್ಬ ಚೀಟಿ ನೋಡಿ ಗೊಂದಲಗೊಂಡ ಜಾಗದಲ್ಲಿ ಅದು ಸಿಗುತ್ತಿತ್ತು.

"ಲಕೋಟೆ ಒಡೆಯುವವರು ಯಾವುದನ್ನು ನೋಡಿ ವಿಂಗಡಿಸುತ್ತಾರೆ?"

"ಸದಸ್ಯತ್ವದ ನಂಬರು."

ರಾಜೀವಿ ಅರ್ಜಿಯ ಪ್ರತಿಯನ್ನು ಮೇಜಿನ ಮೇಲಿಟ್ಟಳು. "ಇದರಲ್ಲಿ ಬರೆಸಿದ್ದು ಹಳೆಯ ನಂಬರು, ಕಂಪನಿಯದು. ಹಾಗಾದರೆ ಇದು ಯಾರ ಹತ್ತಿರ ಹೋಗುತ್ತದೆ?"

"ಕಂಪನಿಗಳ ವಿಭಾಗಕ್ಕೆ. ನಾಲ್ಕನೆಯ ಮಹಡಿ."

"ಅವರು ಪಟ್ಟಿ ನೋಡುತ್ತಾರೆ. ಆ ಕಂಪನಿಯಲ್ಲಿ ನಾನು ಈಗ ಇಲ್ಲ. ಇಲ್ಲದವರ ಕಾಗದ ಬಂದರೆ ಎಲ್ಲಿಡುತ್ತಾರೆ?"

ಮೀಸೆಯವನು ಅವಳನ್ನೂ ಪ್ರತಿಯನ್ನೂ ನೋಡಿ, ಫೋನೆತ್ತಿ ನಾಲ್ಕನೆಯ ಮಹಡಿಗೆ ಮಾತಾಡಿದ. ಬಿಟ್ಟುಹೋದವರ ಫೈಲು ಅಂತ ಒಂದಿದೆಯಂತೆ, ಎಂದ. ತಿಂಗಳ ಕೊನೆಗೆ ಒಮ್ಮೆ ನೋಡುತ್ತಾರಂತೆ.

"ಇವತ್ತು ನೋಡಲು ಹೇಳಿ. ನಾನು ಇಲ್ಲೇ ಇರುತ್ತೇನೆ."

ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ. ಬಾಗಿಲಿನಿಂದ ಲಿಫ್ಟಿಗೆ ಹದಿನೆಂಟು ಹೆಜ್ಜೆ. ಆ ಹದಿನೆಂಟನ್ನು ಒಂದು ಗಂಟೆ ತುಳಿದಳು. ಮೂರೂವರೆಗೆ ಕನ್ನಡಕದ ಹೆಂಗಸೊಬ್ಬಳು ಲಿಫ್ಟಿನಿಂದ ಇಳಿದಳು, ಕೈಯಲ್ಲಿ ರಾಜೀವಿಯ ಅರ್ಜಿ, ಅದಕ್ಕೆ ಗುಂಡುಪಿನ್ನಿನಲ್ಲಿ ಚುಚ್ಚಿದ ಚೆಕ್ಕು. ಹದಿನಾಲ್ಕರ ಮೊಹರು ಬಿದ್ದಿತ್ತು.

"ಹದಿನಾಲ್ಕಕ್ಕೇ ಬಂದಿದೆ. ವಿಮೆ ನವೆಂಬರ್ ಮೂರರಿಂದ ಸೇರಿಸಿಕೊಳ್ಳುತ್ತೇವೆ. ನಿಮ್ಮ ಪತಿಗೆ ಆಪರೇಷನ್ ಯಾವಾಗ?"

"ನಾಳೆ ಬೆಳಿಗ್ಗೆ ಎಂಟಕ್ಕೆ. ಎಡ ಸೊಂಟ. ಐದು ಗಂಟೆಯೊಳಗೆ ಫ್ಯಾಕ್ಸ್ ಹೋಗಬೇಕು. ನಂಬರು ಇಲ್ಲಿದೆ. ಹೋದದ್ದಕ್ಕೆ ಬರುವ ಚೀಟಿಯನ್ನು ನನಗೆ ತೋರಿಸಬೇಕು."

ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಚೀಟಿ ನೋಡಿದಳು. ಸ್ಟೇಷನ್ನಿನ ಫೋನ್ ಬೂತಿನಿಂದ ಆಸ್ಪತ್ರೆಗೆ ಮಾಡಿ ತಲುಪಿತೇ ಎಂದು ಕೇಳಿದಳು. ಆಮೇಲೆ ಟೂಟಿಂಗ್‌ಗೆ. ಭೋಜ ಆ ದಿನವೂ ಕೆಲಸಕ್ಕೆ ಹೋಗಿದ್ದ. ಹಿಂದೆ ಪಾತ್ರೆಯ ಸದ್ದು, ಯಾರೋ ಎರಡು ಮಸಾಲೆ ಎಂದು ಕೂಗಿದ್ದು ಕೇಳಿಸಿತು.

"ಆಯ್ತ್" ಎಂದಳು.

"ಆಯ್ತಾ? ಹಂಗಾರೆ ನಾಳೆ ಬೆಳ್ಗಾತ ತಿಂಡಿ ತಿಂಬುಕಿಲ್ಯಾ?"

"ನೀರೂ ಇಲ್ಲೆ. ಬೇಗ ಬನ್ನಿ. ದಾರಿಯಲ್ ಎಂತದೂ ತಿನ್ಬೇಡಿ."

ಆಪರೇಷನ್ನಿಗೆ ಎರಡೂ ಮುಕ್ಕಾಲು ಗಂಟೆ ಹಿಡಿಯಿತು. ಭೋಜ ಎಂಟು ದಿನ ಆಸ್ಪತ್ರೆಯಲ್ಲಿದ್ದ. ನರ್ಸುಗಳು ಮಾಡಿದ ಚಹಾದ ಬಗ್ಗೆ ಎಂಟು ದಿನವೂ ದೂರು ಹೇಳಿದ. ಫೆಬ್ರವರಿ ಎರಡನೆಯ ವಾರ ಕಾವಲಿಯ ಮುಂದೆ ನಿಂತ, ಮೊದಲು ಅರ್ಧ ದಿನ, ಆಮೇಲೆ ಪೂರ್ತಿ. ಕೃಷ್ಣಪ್ರಸಾದ ಊರಿನಿಂದ ಯಾರನ್ನೂ ತರಿಸಲಿಲ್ಲ.

ರಾಜೀವಿಗೆ ಏಪ್ರಿಲ್‌ನಲ್ಲಿ ಸರಕು ಸಾಗಣೆಯ ಗೋದಾಮೊಂದರಲ್ಲಿ ಕೆಲಸ ಸಿಕ್ಕಿತು, ಹಳೆಯದರ ಮುಕ್ಕಾಲು ಸಂಬಳ, ಕಾರ್ಡು ಗೀರ್ಡು ಇಲ್ಲ. ವಿಮೆಯ ಕಂತನ್ನು ಎರಡು ವರ್ಷ ಕಟ್ಟಿದಳು. ಮೂರನೆಯ ವರ್ಷ ಅದು ಇನ್ನೂರ ಹತ್ತಕ್ಕೆ ಏರಿದಾಗ ನಿಲ್ಲಿಸಿದಳು, ಮತ್ತು ಅದೇ ವಾರ ಭೋಜನನ್ನು ಕರೆದುಕೊಂಡು ಹೋಗಿ ಬಲ ಸೊಂಟವನ್ನು ಸರ್ಕಾರಿ ಡಾಕ್ಟರಿಗೆ ತೋರಿಸಿ, ಈ ಸಲ ಆರಾಮ ಎನ್ನದೆ, ಇನ್ನೂ ನೋವಿಲ್ಲದಿದ್ದರೂ ಏನೇನು ಬರೆಸಬಹುದೋ ಅಷ್ಟನ್ನೂ ಬರೆಸಿ ಬಂದಳು.