ಇರಲಿಲ್ಲವೋ, ಕಾಣಲಿಲ್ಲವೋ

ಯಾವುದನ್ನೂ ಕೆದಕಿ ಕೇಳದೆ ಬಿಡುವ ಜಾಯಮಾನ ನನ್ನದಲ್ಲ. ಅಕ್ಕ ಎಂದರೆ ನನ್ನ ಓರಗಿತ್ತಿ; ನಾವಿಬ್ಬರೂ ಅಣ್ಣತಮ್ಮಂದಿರನ್ನು ಮದುವೆಯಾಗಿ ಮೊರಬದ ಒಂದೇ ಮನೆ ಸೇರಿದವರು; ಅಂದಿನಿಂದಲೂ ಅವಳು ನನ್ನನ್ನು ‘ವಕೀಲಮ್ಮ’ ಎಂದೇ ಛೇಡಿಸುತ್ತಾಳೆ. ಎದೆಯ ಫೋಟೋ ತೆಗೆಯುವ ಮ್ಯಾಮೊಗ್ರಾಂ ಮಾಡಿಸಲು ಅವಳನ್ನು ನನ್ನ ಜೊತೆ ಹುಬ್ಬಳ್ಳಿಗೆ ಹೊರಡಿಸಿದವಳೂ ನಾನೇ. ಎದೆ ಒತ್ತಿ ಹಿಡಿಯುವ ಆ ಯಂತ್ರಕ್ಕೆ ಅಕ್ಕ ಬಾಯಿಗೆ ಬಂದಂತೆ ಬೈದಳು. ಇಬ್ಬರಿಗೂ ಏನೂ ಇಲ್ಲ ಎಂದು ಬಂತು. ಮುಂದಿನ ತಪಾಸಣೆಗೆ ಇನ್ನೆರಡು ವರ್ಷ ಬಿಟ್ಟು ಬರಲು ಹೇಳಿದರು. ಗಿರಮಿಟ್ಟು ತಿಂದು ಬಸ್ಸು ಹತ್ತಿದೆವು.

ಕೆಲವು ತಿಂಗಳ ಮೇಲೆ, ಪಂಚಮಿಗೆ ಶೇಂಗಾ ಉಂಡಿ ಕಟ್ಟುವ ದಿನ, ಸ್ನಾನ ಮಾಡುವಾಗ ಎಡ ಎದೆಯಲ್ಲಿ ಗಟ್ಟಿಯಾದದ್ದೇನೋ ಕೈಗೆ ತಾಕಿತು. ನೋವಿಲ್ಲ. ಅಕ್ಕನಿಗೆ ಹೇಳಿದೆ.

“ಫೋಟೋದಾಗ ಏನೂ ಇಲ್ಲಂತ ಬಂದೈತಲ್ಲಾ ಲೇ. ಸುಮ್ಮನ ತಲಿ ಕೆಡಿಸ್ಕೋಬ್ಯಾಡ.”

ನನ್ನ ತಲೆ ಆಗಲೇ ಕೆಟ್ಟಿತ್ತು. ಹಬ್ಬ ಮುಗಿದ ಮರುದಿನವೇ ಅವಳನ್ನು ಹುಬ್ಬಳ್ಳಿಗೆ ಎಳೆದುಕೊಂಡು ಹೋದೆ. ಮತ್ತೆ ಫೋಟೋ ತೆಗೆದರು; ಗಡ್ಡೆಗೆ ಸೂಜಿ ಹಾಕಿ ತೆಗೆದ ತುಣುಕಿನ ವರದಿಗೆ ಕೆಲವು ದಿನ ಕಾದೆವು. ಕ್ಯಾನ್ಸರ್ ಎಂದು ಬಂತು. ಆಗಲೂ ಕೆದಕಿ ಕೇಳುವ ಚಟ ಬಿಡಲಿಲ್ಲ.

“ಅವತ್ತು ಇದು ಇರಲಿಲ್ಲೇನ್ರಿ, ಇದ್ದೂ ಕಾಣಲಿಲ್ಲೇನ್ರಿ?” ಎಂದು ಡಾಕ್ಟರನ್ನು ಕೇಳಿದೆ.

ಅವರು ಹಳೆಯ ಫೋಟೋ, ಹೊಸ ಫೋಟೋ ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟರು. “ಎರಡೂ ಆಗಬಹುದ್ರಿ. ಕೆಲವು ಆಮ್ಯಾಲೆ ಹುಟ್ಟಿ ಲಗೂನ ಬೆಳೀತಾವ. ಕೆಲವು ಇದ್ದರೂ ಕಾಣಂಗಿಲ್ಲ. ಎದಿಯೊಳಗಿನ ದಟ್ಟ ಭಾಗಾನೂ ಫೋಟೋದಾಗ ಬೆಳ್ಳಗ, ಗಡ್ಡೀನೂ ಬೆಳ್ಳಗ.”

“ಹತ್ತಿ ರಾಶ್ಯಾಗ ಬಿಳೀ ಅಂಗಿ ಗುಂಡಿ ಬಿದ್ದಂಗ” ಎಂದಳು ಅಕ್ಕ, ಮೆಲ್ಲಗೆ.

ಹಳೆಯ ಫೋಟೋವನ್ನು ಕಣ್ಣು ಕಿರಿದು ಮಾಡಿ ಎಷ್ಟು ನೋಡಿದರೂ ನನಗೇನೂ ಕಾಣಲಿಲ್ಲ. ಡಾಕ್ಟರೂ ಇಂಥದ್ದೇ ಎಂದು ಹೇಳಲಾರದಾದರು. ಆಪರೇಷನ್ ಆಗಿ, ಉದುರಿದ ಕೂದಲು ಮತ್ತೆ ಬಂದಿರುವ ಈಗಲೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

 ವರದಿ ಬಂದ ಆ ದಿನ ಮನೆಗೆ ಬಂದವಳೇ ಅಕ್ಕ ನನ್ನನ್ನು ಬಚ್ಚಲಿಗೆ ಕರೆದು, ಬಾಗಿಲು ಹಾಕಿ, ಕುಪ್ಪಸ ಬಿಚ್ಚಿದಳು.

“ನಿನ್ನ ಕೈಗೆ ಗೊತ್ತೈತಿ. ನೀನ ನೋಡು.”

ಬೆರಳು ಒತ್ತಿ ಒತ್ತಿ ಹುಡುಕಿದೆ. ಏನೂ ತಿಳಿಯುವುದು ಬೇಡ ಎಂದು ನನಗೆ ಅನ್ನಿಸಿದ್ದು ಜೀವನದಲ್ಲಿ ಅದೊಂದೇ ಸಲ.

“ಏನೂ ಸಿಗವಲ್ದಕ್ಕಾ” ಎಂದೆ. ಸಮಾಧಾನಕ್ಕೆ ಕಣ್ಣು ತುಂಬಿತ್ತು.

ಅವಳು ಕುಪ್ಪಸ ಹಾಕಿಕೊಳ್ಳದೆ ನನ್ನನ್ನೇ ನೋಡುತ್ತ ನಿಂತಳು.

“ಇಲ್ಲೇನು? ಇದ್ದೂ ಸಿಗವಲ್ದೇನು?”

 ಮರುದಿನ ಅವಳನ್ನು ತೋರಿಸಲು ಮತ್ತೆ ಹುಬ್ಬಳ್ಳಿಯ ಬಸ್ಸಿಗೆ ಹೊರಟೆವು. ಈ ಸಲ ಮುಂದೆ ನಡೆದವಳು ಅಕ್ಕ.